ಮೈಕ್ ಟೆಸ್ಟಿಂಗ್, ಸೊನ್ನೆ ಒಂದು ಎರಡು

40 ನಿಮಿಷದ ಓದು. ಎರಡೇ ಕಡೆ ತಡವರಿಸಿದ್ದೆ. ನನ್ನ ಮಟ್ಟಿಗೆ ಅದು ದಾಖಲೆ. ಖುಷಿಯಿಂದ ರೆಕಾರ್ಡಾದ ಫೈಲು ತೆರೆದು ಕೇಳಿದರೆ, ಯಾರೋ ಬಾತ್‌ರೂಮಿನಲ್ಲಿ ನಿಂತು ಓದಿದ ಹಾಗಿತ್ತು. ಹಿಂದೆ ಲ್ಯಾಪ್‌ಟಾಪಿನ ಫ್ಯಾನು ಬುಸುಗುಡುತ್ತಿತ್ತು. ನಡುನಡುವೆ ಪುಟ ಸರಿಸಲು ಕೀಲಿ ಒತ್ತಿದ ಟಕ್ ಟಕ್ ಬೇರೆ, ನನ್ನ ದನಿಗಿಂತ ಜೋರಾಗಿ.

ಯುಎಸ್‌ಬಿ ಮೈಕು ಎದುರಿಗೇ ಇತ್ತು. ಅದರ ಹಸಿರು ದೀಪ ಉರಿಯುತ್ತಿತ್ತು. ಬುಡದಲ್ಲಿ ಚುಚ್ಚಿದ್ದ ಹೆಡ್‌ಫೋನಿನಲ್ಲಿ ನನ್ನ ದನಿ ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ಪರದೆಯ ಮೇಲೆ ಲೆವೆಲ್ ಪಟ್ಟಿ ಕುಣಿಯುತ್ತಿತ್ತು. ಇನ್ನೇನು ಬೇಕು ಅಲ್ವಾ?

ಆಮೇಲೆ ಕೂತು ಯೋಚಿಸಿದರೆ ಈ ಮೂರರಲ್ಲಿ ಒಂದೂ ಸುಳ್ಳು ಹೇಳಿರಲಿಲ್ಲ. ದೀಪ ಹೇಳುವುದು ಯುಎಸ್‌ಬಿಯಿಂದ ಕರೆಂಟು ಬಂದಿದೆ ಅಂತ, ಅಷ್ಟೇ. ಮೈಕಿನ ಜಾಕಿನಲ್ಲಿ ಕೇಳುವ ನಮ್ಮ ದನಿ ಕಂಪ್ಯೂಟರಿಗೆ ಹೋಗಿ ಬಂದದ್ದಲ್ಲ. ತಡವಾಗದೆ ಕೇಳಲಿ ಅಂತ ಅದನ್ನು ಮೈಕಿನೊಳಗೇ ತಿರುಗಿಸಿ ಕಿವಿಗೆ ಕೊಟ್ಟಿರುತ್ತಾರೆ. ಕಂಪ್ಯೂಟರ್ ಮೈಕನ್ನು ಕಣ್ಣೆತ್ತಿ ನೋಡದಿದ್ದರೂ ನಮಗೆ ದನಿ ಕೇಳುತ್ತಲೇ ಇರುತ್ತದೆ. ಇನ್ನು ಪಟ್ಟಿ ಕುಣಿದದ್ದು ಲ್ಯಾಪ್‌ಟಾಪಿನ ಒಳಮೈಕಿನ ತಾಳಕ್ಕೆ. ರೆಕಾರ್ಡಿಂಗ್ ಪ್ರೋಗ್ರಾಂ ತೆರೆದ ಮೇಲೆ ನಾನು ಯುಎಸ್‌ಬಿ ಚುಚ್ಚಿದ್ದೆ. ಅದು ಮೊದಲು ಕಂಡ ಮೈಕನ್ನೇ ಹಿಡಿದುಕೊಂಡು ಕೂತಿತ್ತು.

ಮಾರನೇ ದಿನದಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. ಕೆಳಗಿರುವುದು ಅದರಲ್ಲಿ ಓದಬಹುದಾದ ಭಾಗ.

ಉಗುರಿನ ಪರೀಕ್ಷೆ

ಮೊದಲ ಪ್ರಶ್ನೆ ಒಂದೇ: ದನಿ ಯಾವ ಮೈಕಿನಿಂದ ಬರುತ್ತಿದೆ? ಮಾತಾಡಿ ನೋಡಿದರೆ ತಿಳಿಯುವುದಿಲ್ಲ. ಕೋಣೆಯಲ್ಲಿರುವ ಎಲ್ಲ ಮೈಕಿಗೂ ಮಾತು ಕೇಳುತ್ತದೆ. ಆದ್ದರಿಂದ ಮಾತಾಡುವುದು ಬಿಟ್ಟು, ಮೈಕಿನ ಜಾಲರಿಯ ಮೇಲೆ ಉಗುರಿನಿಂದ ಮೆತ್ತಗೆ ಗೀರುತ್ತೇನೆ. ಅದೇ ಮೈಕು ಆಗಿದ್ದರೆ ಪಟ್ಟಿ ಒಮ್ಮೆಲೇ ಹಾರುತ್ತದೆ. ಅಲ್ಲವಾದರೆ ಅಲುಗುವುದೇ ಇಲ್ಲ. ಆಮೇಲೆ ಲ್ಯಾಪ್‌ಟಾಪಿನ ಒಳಮೈಕಿನ ತೂತಿನ ಹತ್ತಿರವೂ ಗೀರುತ್ತೇನೆ. ಅಲ್ಲಿ ಹಾರಿದರೆ ಕೆಲಸ ಕೆಟ್ಟಿತು ಅಂತಲೇ ಅರ್ಥ.

ಊದಿ ನೋಡುವುದು ಬೇಡ. ಕಂಡೆನ್ಸರ್ ಮೈಕಿನ ಒಳಗಿರುವ ಪೊರೆ ಕೆಲವೇ ಮೈಕ್ರಾನ್ ದಪ್ಪ. ಅದರ ಎದುರಿಗೆ ಕೂದಲೆಳೆಯಷ್ಟು ಅಂತರದಲ್ಲಿ ಒಂದು ಲೋಹದ ತಟ್ಟೆ. ಇವೆರಡೂ ಸೇರಿದರೆ ಒಂದು ಕೆಪಾಸಿಟರ್. ದನಿಗೆ ಪೊರೆ ನಡುಗಿದಾಗ ಅಂತರ ಬದಲಾಗಿ ಸಿಗ್ನಲ್ ಹುಟ್ಟುತ್ತದೆ. ಅಲ್ಲಿಗೆ ಬಾಯಿಯ ಗಾಳಿ, ತೇವ ನುಗ್ಗಿಸಿದರೆ ಪರೀಕ್ಷೆಯೂ ಆಗುವುದಿಲ್ಲ, ಮೈಕಿಗೂ ಒಳ್ಳೆಯದಲ್ಲ. ಬೆರಳಿನಿಂದ ಟಪ ಟಪ ಬಡಿಯುವುದೂ ಅಷ್ಟೇ.

ರೆಕಾರ್ಡಿಂಗ್ ಪ್ರೋಗ್ರಾಮಿನಲ್ಲಿ ಸರಿಯಾಯಿತು ಅಂತ ಅಲ್ಲಿಗೇ ಬಿಟ್ಟಿದ್ದೆ. ಎರಡು ದಿನ ಬಿಟ್ಟು ಒಂದು ಕಾಲ್‌ನಲ್ಲಿ ಗೆಳೆಯ ಕೇಳಿದ, "ಏನೋ, ಬಿಂದಿಗೆ ಒಳಗೆ ಕೂತ್ಕೊಂಡು ಮಾತಾಡ್ತಿದ್ದೀಯಾ?"

ಹುಡುಕಿದಾಗ ಸಿಕ್ಕ ಸಂಗತಿ ಇದು. ವಿಂಡೋಸ್‌ನಲ್ಲಿ ಡೀಫಾಲ್ಟ್ ಮೈಕು ಅನ್ನುವುದು ಒಂದಲ್ಲ, ಎರಡು. ಒಂದು ಮಾಮೂಲಿ ಡೀಫಾಲ್ಟ್. ಇನ್ನೊಂದು ಕಾಲ್‌ಗಳಿಗೆಂದೇ ಇರುವ ಕಮ್ಯುನಿಕೇಶನ್ಸ್ ಡೀಫಾಲ್ಟ್. ಮೊದಲನೆಯದನ್ನು ಯುಎಸ್‌ಬಿ ಮೈಕಿಗೆ ಬದಲಿಸಿದ್ದೆ. ಎರಡನೆಯದರಲ್ಲಿ ನನ್ನ ಬ್ಲೂಟೂತ್ ಹೆಡ್‌ಸೆಟ್ ಆರಾಮಾಗಿ ಕೂತಿತ್ತು. ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕು ಶುರುವಾದರೆ ಅದು ಹಾಡು ಕೇಳುವ ಮೋಡ್ ಬಿಟ್ಟು ಫೋನಿನ ಮೋಡಿಗೆ ಇಳಿಯುತ್ತದೆ. ಅಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 16,000 ಸ್ಯಾಂಪಲ್ (ಅಂದರೆ ದನಿಯ ಅಳತೆ), ಹಳೆಯದಾದರೆ 8,000. ಸ್ಯಾಂಪಲ್ ದರದ ಅರ್ಧದವರೆಗಿನ ಸ್ವರ ಮಾತ್ರ ಉಳಿಯುತ್ತದೆ. ಅಂದರೆ 8 ಕಿಲೋಹರ್ಟ್ಸ್ (ಸೆಕೆಂಡಿಗೆ 8,000 ಕಂಪನ) ಅಥವಾ 4 ಕಿಲೋಹರ್ಟ್ಸ್ ಮೇಲಿನದೆಲ್ಲ ಕತ್ತರಿ. ಮಾತಿನ ಸ, ಶಗಳ ಹೊಳಪು ಇರುವುದೇ ಆ ಮೇಲಿನ ಭಾಗದಲ್ಲಿ. ಬಿಂದಿಗೆಯ ಗುಟ್ಟು ಅದು.

ಈಗ ಕಾಲ್ ಆ್ಯಪಿನಲ್ಲಿ "ಡೀಫಾಲ್ಟ್" ಅಂತ ಬಿಡುವುದಿಲ್ಲ. ಮೈಕಿನ ಹೆಸರನ್ನೇ ಆರಿಸುತ್ತೇನೆ. ಉಗುರಿನ ಪರೀಕ್ಷೆಯನ್ನು ಪ್ರತಿ ಆ್ಯಪಿನಲ್ಲೂ ಬೇರೆ ಬೇರೆ ಮಾಡುತ್ತೇನೆ. ಒಂದರಲ್ಲಿ ಪಾಸಾದರೆ ಇನ್ನೊಂದರಲ್ಲೂ ಪಾಸು ಅಂತೇನಿಲ್ಲ.

ಇಲ್ಲೇ ಇನ್ನೊಂದು ಸಣ್ಣ ಗುರುತು. ಕೆಲಸ ಮಾಡುತ್ತಿರುವ ಮೈಕು ಮೌನದಲ್ಲೂ ಚೂರು ಗಿಜಿಗುಟ್ಟುತ್ತದೆ. ರೆಕಾರ್ಡ್ ಮಾಡಿದ ಗೆರೆಯನ್ನು ಎಷ್ಟೇ ದೊಡ್ಡದು ಮಾಡಿದರೂ ಪಟ್ಟಿ ಇಟ್ಟು ಎಳೆದ ಹಾಗೆ ನೇರವಾಗಿದ್ದರೆ, ಕ್ಯಾಪ್ಸೂಲನ್ನು (ಪೊರೆ, ತಟ್ಟೆ ಇರುವ ಒಳಭಾಗವನ್ನು) ಅನುಮಾನಿಸುವ ಮೊದಲು ಮ್ಯೂಟ್ ಗುಂಡಿ ನೋಡಿ. ಆಮೇಲೆ ಸಿಸ್ಟಮ್ಮಿನ ಪ್ರೈವಸಿ ಸೆಟ್ಟಿಂಗಿನಲ್ಲಿ ಆ ಪ್ರೋಗ್ರಾಮಿಗೆ ಮೈಕು ಬಳಸಲು ಅನುಮತಿ ಇದೆಯಾ ನೋಡಿ.

ಯಾವ ಕಡೆ ಮುಖ?

ಹೇಳಲು ನಾಚಿಕೆ. ಮೂರು ತಿಂಗಳು ನಾನು ಮೈಕಿನ ತಲೆಗೆ ಮಾತಾಡಿದ್ದೆ, ಐಸ್‌ಕ್ರೀಂ ಕೋನ್ ಹಿಡಿದವನ ಹಾಗೆ. ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲುವ ಇಂಥ ದಪ್ಪ ಕಂಡೆನ್ಸರ್ ಮೈಕುಗಳಲ್ಲಿ ಬಹಳಷ್ಟಕ್ಕೆ ಕಿವಿ ಇರುವುದು ಪಕ್ಕದಲ್ಲಿ, ಸಾಮಾನ್ಯವಾಗಿ ಲೋಗೋ ಇರುವ ಕಡೆ. ಅನುಮಾನವಿದ್ದರೆ ರೆಕಾರ್ಡಿಂಗ್ ಶುರು ಮಾಡಿ, ಒಂದೇ ದನಿಯಲ್ಲಿ ಮಾತಾಡುತ್ತಾ ಮೈಕನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಕಾರ್ಡಿಯಾಯ್ಡ್ ಮೈಕು ಆದರೆ ಎದುರಿಗೆ ಜೋರು, ಬೆನ್ನಿಗೆ ಕ್ಷೀಣ. ಬೆನ್ನಿನ ಆ ಕಿವುಡು ಭಾಗವನ್ನು ಈಗ ಕೀಲಿಮಣೆ ಮತ್ತು ಫ್ಯಾನಿನ ಕಡೆ ತಿರುಗಿಸಿಟ್ಟಿದ್ದೇನೆ. ಎರಡೇ ನಿಮಿಷದ ಕೆಲಸ. ಈ ಇಡೀ ರಿಪೇರಿಯಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ ಇರಬೇಕು.

ದೂರ ಒಂದು ಗೇಣು. ಟೇಪು ಹುಡುಕುವ ಕೆಲಸವಿಲ್ಲ, ಅಳತೆಗೋಲು ಕೈಯಲ್ಲೇ ಇದೆ. ಹೆಬ್ಬೆರಳು ತುಟಿಯ ಹತ್ತಿರ, ಕಿರುಬೆರಳು ಜಾಲರಿಗೆ. ದೂರ ಎರಡು ಪಟ್ಟಾದರೆ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆದರೆ ಗೋಡೆಗೆ ಬಡಿದು ಬರುವ ಕೋಣೆಯ ಸದ್ದು ಇಳಿಯುವುದಿಲ್ಲ. ಅದಕ್ಕೇ ದೂರ ಕೂತು ಗೇನ್ (ಮೈಕಿನ ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಹೊಂದಿಕೆ) ಏರಿಸಿದರೆ ಕೋಣೆ ಮುಂದೆ ಬರುತ್ತದೆ, ನಾವು ಹಿಂದೆ ಸರಿಯುತ್ತೇವೆ. ತೀರಾ ಹತ್ತಿರ ಹೋದರೆ ಕೆಳಸ್ವರ ಉಬ್ಬಿ ರೇಡಿಯೋ ದನಿ ಬರುತ್ತದೆ. ಕೆಲವರಿಗೆ ಅದು ಇಷ್ಟ. ನನಗೆ ನನ್ನ ಉಸಿರು ಅಷ್ಟು ಹತ್ತಿರದಿಂದ ಕೇಳಲು ಇಷ್ಟವಿಲ್ಲ.

ಎಣಿಕೆಯಿಂದ ಏನೂ ತಿಳಿಯುವುದಿಲ್ಲ

ಮೈಕು ಕಂಡರೆ ಸಾಕು, ನಮ್ಮ ಬಾಯಲ್ಲಿ ಬರುವುದು "ಹಲೋ, ಒಂದು, ಎರಡು, ಮೂರು". ನಾನೂ ಅದನ್ನೇ ಮಾಡುತ್ತಿದ್ದೆ. ಟೆಸ್ಟಿನಲ್ಲಿ ದನಿ ಚೊಕ್ಕ. ಓದಲು ಕೂತರೆ ಪುಟಕ್ಕೆ ಹತ್ತು ಕಡೆ ಡಬ್ ಡಬ್ ಅಂತ ಗಾಳಿಯ ಹೊಡೆತ, ಸ ಬಂದಲ್ಲೆಲ್ಲ ಕಿವಿಗೆ ಚುಚ್ಚುವ ಸೀಟಿ.

ಒಂದು ಸಂಜೆ ಸುಮ್ನೆ ಎಣಿಕೆಯನ್ನು ಅಕ್ಷರ ಅಕ್ಷರವಾಗಿ ನೋಡಿದೆ. ಒಂದರಿಂದ ಹತ್ತರವರೆಗೆ ಒಂದೂ ಪ ಇಲ್ಲ. ಫ, ಭ ಇಲ್ಲ. ಸ, ಶ, ಷ ಇಲ್ಲ. ತುಟಿ ಒಡೆಯುವ ಅಕ್ಷರ ಅಂದರೆ ಒಂಬತ್ತಿನ ಬ ಒಂದೇ. ಅದೂ ಮೆದು. ಪ ಬೇಕಾದರೆ ಇಪ್ಪತ್ತರವರೆಗೆ ಹೋಗಬೇಕು. ಸ ಬೇಕಾದರೆ ಸಾವಿರದವರೆಗೆ! ಸೊನ್ನೆಯಿಂದ ಶುರು ಮಾಡಿದರೆ ಮಾತ್ರ ಮೊದಲ ಅಕ್ಷರದಲ್ಲೇ ಸಿಗುತ್ತದೆ. ಮೈಕಿಗೆ ಕಷ್ಟ ಕೊಡುವ ಅಕ್ಷರಗಳನ್ನೆಲ್ಲ ಬಿಟ್ಟು ನಾವು ಅದನ್ನು ಪರೀಕ್ಷೆ ಮಾಡುತ್ತಿದ್ದೇವೆ. ಪ್ರಶ್ನೆಪತ್ರಿಕೆಯಲ್ಲಿ ಮಗ್ಗಿ ಮಾತ್ರ ಕೇಳಿದ ಹಾಗೆ.

ಹಾಗಾಗಿ ಒಂದು ವಾಕ್ಯ ಕಟ್ಟಿದೆ:

"ಪಕ್ಕದ ಮನೆ ಪುಟ್ಟ ಸಾವಿರ ಸಲ ಶಂಖ ಊದಿ, ಫಳಫಳ ಹೊಳೆಯುವ ಛತ್ರಿ ಹಿಡಿದು ಭರ್ರನೆ ಓಡಿದ."

ಅರ್ಥ ಕೇಳಬೇಡಿ. ಇದರಲ್ಲಿ ಪ, ಫ, ಭ ಇವೆ; ಇವುಗಳಿಗೆ ಬಾಯಿಂದ ಗಾಳಿಯ ಗುದ್ದು ಬರುತ್ತದೆ. ಸ, ಶ, ಛ ಇವೆ. ಇವು ಮೇಲಿನ ಸ್ವರದ ಪರೀಕ್ಷೆ. ಬಾಯಿಯ ಮುಂದೆ ಅಂಗೈ ಹಿಡಿದು ಹೇಳಿದರೆ ಯಾವ ಅಕ್ಷರ ಗುದ್ದುತ್ತದೆ ಅಂತ ಚರ್ಮಕ್ಕೇ ಗೊತ್ತಾಗುತ್ತದೆ. ಮೂರು ಸಲ ಓದುತ್ತೇನೆ: ಮಾಮೂಲಿ ದನಿಯಲ್ಲಿ, ಮೆಲ್ಲಗೆ, ಆಮೇಲೆ ಸಿಟ್ಟು ಬಂದವನ ಹಾಗೆ.

ಗುದ್ದಿಗೆ ಮದ್ದು ಸುಲಭ. ಕಸೂತಿ ಹಾಕುವ ರಿಂಗಿಗೆ ತೆಳು ನೈಲಾನ್ ಬಟ್ಟೆಯನ್ನು ಎರಡು ಪದರ ಬಿಗಿದು ಮೈಕಿಗೆ ನಾಲ್ಕು ಬೆರಳು ಮುಂದೆ ನಿಲ್ಲಿಸಿದೆ. ಹಿಡಿಯಲು ಒಂದು ದಪ್ಪ ತಂತಿ. ಬಟ್ಟೆಯ ಆಚೆ ದೀಪ ಹಿಡಿದರೆ ಬೆಳಕು ಸಲೀಸಾಗಿ ಕಾಣಬೇಕು. ದಪ್ಪ ಬಟ್ಟೆ ಹಾಕಿದರೆ ಗಾಳಿಯ ಜೊತೆ ಹೊಳಪೂ ನಿಲ್ಲುತ್ತದೆ. ನನ್ನ ಮೊದಲ ಪ್ರಯತ್ನ ಹತ್ತಿಯ ಕರವಸ್ತ್ರ, ಮತ್ತೆ ಬಿಂದಿಗೆ. ಇದರ ಜೊತೆಗೆ ಮೈಕನ್ನು ಬಾಯಿಯ ನೇರದಿಂದ ಚೂರು ಪಕ್ಕಕ್ಕೆ ಸರಿಸಿ, ಮುಖ ಮಾತ್ರ ನನ್ನ ಕಡೆಗೇ ತಿರುಗಿಸಿದೆ. ಗಾಳಿ ಪಕ್ಕದಲ್ಲಿ ಹಾದು ಹೋಗುತ್ತದೆ, ದನಿ ಬರುತ್ತದೆ. ಸೀಟಿಯೂ ಇದರಿಂದಲೇ ಕಡಿಮೆಯಾಯಿತು.

ಗೇನ್

ಡಿಜಿಟಲ್ ಅಳತೆಯಲ್ಲಿ ಸೊನ್ನೆ ಡೆಸಿಬೆಲ್ ಅಂದರೆ ತಳವಲ್ಲ, ಛಾವಣಿ. ಎಲ್ಲ ಲೆಕ್ಕ ಅಲ್ಲಿಂದ ಕೆಳಗೆ ಮೈನಸ್‌ನಲ್ಲಿ. ಸಿಟ್ಟಿನ ದನಿಯ ತುದಿಗಳು ಮೈನಸ್ 6ರ ಹತ್ತಿರ, ಮಾಮೂಲಿ ದನಿಯವು ಮೈನಸ್ 12ರ ಆಸುಪಾಸು ಬರುವಂತೆ ಇಟ್ಟಿದ್ದೇನೆ. ಇನ್ನೂ ಮೇಲೆ ತಳ್ಳುವ ಆಸೆ ಬೇಡ. 16 ಬಿಟ್ ರೆಕಾರ್ಡಿಂಗಿಗೇ ಸುಮಾರು 96 ಡೆಸಿಬೆಲ್ ಹರವು ಇದೆ. ಕಡಿಮೆಯಾದದ್ದನ್ನು ಆಮೇಲೆ ಏರಿಸಬಹುದು. ಛಾವಣಿಗೆ ಬಡಿದು ಚಪ್ಪಟೆಯಾದದ್ದನ್ನು ಮತ್ತೆ ಉಬ್ಬಿಸಲು ಬರುವುದಿಲ್ಲ.

ಒಂದು ಮೋಸ ಇಲ್ಲಿದೆ. ಗೇನ್ ಎರಡು ಕಡೆ ಇರಬಹುದು: ಮೈಕಿನ ಮೈಮೇಲಿನ ತಿರುಗಣೆ, ಕಂಪ್ಯೂಟರಿನ ಸ್ಲೈಡರ್. ನನ್ನ ಮೈಕಿನಲ್ಲಿ ತಿರುಗಣೆ ಪೂರ್ತಿ ಏರಿಸಿ, ಸ್ಲೈಡರ್ ಅರ್ಧ ಇಳಿಸಿಟ್ಟಿದ್ದೆ. ಪಟ್ಟಿ ಮೈನಸ್ 8 ದಾಟುತ್ತಲೇ ಇರಲಿಲ್ಲ, ಕೆಂಪು ಬರಲಿಲ್ಲ. ಆದರೂ ಜೋರು ಮಾತು ಒಡೆದ ತಗಡಿನ ಹಾಗೆ. ಅಲೆಯನ್ನು ದೊಡ್ಡದು ಮಾಡಿ ನೋಡಿದರೆ ಎಲ್ಲ ತುದಿಗಳೂ ಮೈನಸ್ 8ರಲ್ಲೇ ಕತ್ತಿಯಿಂದ ಸವರಿದಂತೆ ಚಪ್ಪಟೆ. ಅಂದರೆ ದನಿ ಕೆಟ್ಟದ್ದು ಮೈಕಿನೊಳಗೆ. ಸ್ಲೈಡರ್ ಕೆಟ್ಟ ದನಿಯನ್ನೇ ಸಣ್ಣದು ಮಾಡಿ ಕೊಡುತ್ತಿತ್ತು. ಎಚ್ಚರಿಸುವ ಕೆಂಪು ದೀಪಕ್ಕೆ ಇದು ಕಾಣುವುದೇ ಇಲ್ಲ. ಈಗ ಸ್ಲೈಡರನ್ನು ಒಂದು ಕಡೆ ಬಿಟ್ಟು ತಿರುಗಣೆಯಿಂದಲೇ ಹೊಂದಿಸುತ್ತೇನೆ. ತಿರುಗಣೆಯ ಜಾಗಕ್ಕೆ ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದೇನೆ. ಯಾರು ಮುಟ್ಟಿದರೂ ಕಣ್ಣಿಗೆ ಬೀಳುತ್ತದೆ.

ಕುಂಯ್ ಅನ್ನುವ ಸದ್ದಿನ ಬೆನ್ನು ಹತ್ತಿ

ಇಷ್ಟಾದ ಮೇಲೂ ಹಿಂದೆ ಒಂದು ಸಣ್ಣ ಕುಂಯ್ ಉಳಿದಿತ್ತು. ಮಾತಿನ ನಡುವೆ ಕೇಳುವುದಿಲ್ಲ, ಮಾತು ನಿಂತಾಗ ಕೇಳುತ್ತದೆ. ಒಂದು ಶನಿವಾರ ಪೂರ್ತಿ ಇದಕ್ಕೇ ಹೋಯಿತು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಹೋಯಿತು.

30 ಸೆಕೆಂಡು ಮೌನ ರೆಕಾರ್ಡ್ ಮಾಡಿದೆ. ಲೆವೆಲ್ ಮೈನಸ್ 51. ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಪ್ರೋಗ್ರಾಮಿನಲ್ಲಿ ಅನಲೈಸ್ ಮೆನುವಿನ ಪ್ಲಾಟ್ ಸ್ಪೆಕ್ಟ್ರಮ್ ತೆರೆದೆ. ಯಾವ ಕಂಪನದ ಸದ್ದು ಎಷ್ಟಿದೆ ಅಂತ ತೋರಿಸುವ ಚಿತ್ರ ಅದು. ತಗ್ಗು ಹುಲ್ಲಿನ ನಡುವೆ ಕಂಬ ನೆಟ್ಟ ಹಾಗೆ ಎರಡು ಸಾಲು ಕಾಣಿಸಿತು. ಒಂದು 50, 100, 150 ಹರ್ಟ್ಸ್‌ನಲ್ಲಿ. ಇನ್ನೊಂದು 1000, 2000, 3000ದಲ್ಲಿ.

ಮೊದಲ ಸಾಲು ಗೋಡೆಯ ಕರೆಂಟು. ಕರೆಂಟು 60 ಹರ್ಟ್ಸ್ ಇರುವ ಕಡೆ ಅದು 60, 120, 180 ಅಂತ ಬರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದೆ. ಆ ಸಾಲು ಹೆಚ್ಚುಕಡಿಮೆ ಮಾಯ.

ಎರಡನೇ ಸಾಲು ಯುಎಸ್‌ಬಿಯದು. ಕಂಪ್ಯೂಟರ್ ಇಂಥ ಮೈಕಿನ ಜೊತೆ ಒಂದು ಮಿಲಿಸೆಕೆಂಡಿಗೆ ಒಮ್ಮೆ ಮಾತಾಡುತ್ತದೆ. ಸೆಕೆಂಡಿಗೆ 1000 ಸಲ. ಪ್ರತಿ ಸಲವೂ ಮೈಕಿನ ಚಿಪ್ಪು ಒಂದು ಗುಟುಕು ಕರೆಂಟು ಹೀರುತ್ತದೆ. ದನಿಯ ಭಾಗಕ್ಕೂ ಅದೇ 5 ವೋಲ್ಟಿನಿಂದಲೇ ಊಟ. ನಡುವೆ ಸೋಸುವ ವ್ಯವಸ್ಥೆ ದುರ್ಬಲವಾಗಿದ್ದರೆ ಆ ಗುಟುಕಿನ ಸದ್ದೇ 1000 ಹರ್ಟ್ಸಿನ ಕುಂಯ್ ಆಗಿ ದನಿಗೆ ಸೇರುತ್ತದೆ. ಹೈ ಸ್ಪೀಡ್ ಯುಎಸ್‌ಬಿಯಲ್ಲಿ 125 ಮೈಕ್ರೋಸೆಕೆಂಡಿಗೆ ಒಮ್ಮೆ, ಹಾಗಾಗಿ ಅಲ್ಲಿ ಅದು 8000 ಹರ್ಟ್ಸಿನಲ್ಲಿ ಕಾಣಬಹುದು. ಸದ್ದಿನ ಸಂಖ್ಯೆ ನೋಡಿ ಅದರ ಊರು ಹೇಳಬಹುದು ಅನ್ನುವುದು ನನಗೆ ಈಗಲೂ ಮಜಾ ಅನ್ನಿಸುತ್ತದೆ.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುತ್ತಾ ಹೋದೆ. ಕೇಬಲ್ಲಿಗೆ ಫೆರೈಟ್ ಮಣಿ (ಗಲಾಟೆ ತಡೆಯಲು ಕೇಬಲ್ಲಿನ ಸುತ್ತ ಹಾಕುವ ಕಾಂತೀಯ ಉಂಗುರ) ಸಿಕ್ಕಿಸಿದೆ. ಕಂಬಗಳು ಕದಲಲಿಲ್ಲ. ಕದಲಬಾರದು ಕೂಡ, ಮಣಿ ತಡೆಯುವುದು ಮೆಗಾಹರ್ಟ್ಸ್ ಮಟ್ಟದ ಗಲಾಟೆಯನ್ನು, 1000 ಹರ್ಟ್ಸ್ ಅದರ ಲೆಕ್ಕಕ್ಕೇ ಇಲ್ಲ. ಉದ್ದದ ಕೇಬಲ್ ತೆಗೆದು ಗಿಡ್ಡದು ಹಾಕಿದೆ. ಸ್ವಲ್ಪ ಇಳಿಯಿತು. ಹಾರ್ಡ್ ಡಿಸ್ಕ್ ಜೊತೆ ಹಂಚಿಕೊಂಡಿದ್ದ ಪುಟ್ಟ ಯುಎಸ್‌ಬಿ ಹಬ್ಬಿನಿಂದ (ಒಂದು ಪೋರ್ಟನ್ನು ಹಲವಾಗಿಸುವ ಡಬ್ಬಿ) ಬಿಡಿಸಿ ನೇರ ಲ್ಯಾಪ್‌ಟಾಪಿಗೆ ಚುಚ್ಚಿದೆ. ಚೆನ್ನಾಗಿ ಇಳಿಯಿತು. ಕೊನೆಗೆ ಸ್ವಂತ ಅಡಾಪ್ಟರ್ ಇರುವ ಹಬ್ಬಿನಲ್ಲಿ ಮೈಕು ಒಂದನ್ನೇ ಹಾಕಿದೆ. 1000ದ ಕಂಬ ಹುಲ್ಲಿಗಿಂತ ಒಂದು ಬೆರಳು ಮೇಲಿದೆ, ಅಷ್ಟೇ. ಮೌನದ ಲೆವೆಲ್ ಮೈನಸ್ 63. ಉಳಿದದ್ದರಲ್ಲಿ ಹೆಚ್ಚಿನದು ಕೋಣೆಯದೇ ಸದ್ದು.

48 ವೋಲ್ಟಿನ ಫ್ಯಾಂಟಮ್ ಪವರ್ (ಮೈಕಿನ ಕೇಬಲ್ಲಿನಲ್ಲೇ ಕಳಿಸುವ ಕರೆಂಟು) ಕೊಟ್ಟರೆ ಸರಿಹೋಗುತ್ತಾ ಅಂತ ಗೆಳೆಯ ಕೇಳಿದ್ದ. ಅದು ಎಕ್ಸ್‌ಎಲ್‌ಆರ್ ಅನ್ನುವ ಮೂರು ಪಿನ್ನಿನ ಕೇಬಲ್ಲಿನ ಮೈಕುಗಳಿಗೆ. ಯುಎಸ್‌ಬಿ ಮೈಕಿಗೆ 5 ವೋಲ್ಟ್ ಸಾಕು. ಇಂಥ ಬಹಳಷ್ಟು ಮೈಕುಗಳ ಒಳಗಿರುವುದು ಎಲೆಕ್ಟ್ರೆಟ್, ಅಂದರೆ ಚಾರ್ಜನ್ನು ಕಾಯಂ ಆಗಿ ಹಿಡಿದಿಟ್ಟುಕೊಂಡ ಪದರ. ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ 1962ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಮೈಕಿನ ವಂಶದ್ದು. ಪೊರೆಗೆ ಹೊರಗಿನಿಂದ ವೋಲ್ಟೇಜ್ ಬೇಡ. ಚಿಕ್ಕ ಆಂಪ್ಲಿಫೈಯರಿಗೆ ಒಂದಷ್ಟು ಕರೆಂಟು ಸಿಕ್ಕರೆ ಆಯಿತು.

ಕಾಲ್ ಆದರೆ ಆಚೆ ದಡದಿಂದ ಕೇಳಬೇಕು

ರೆಕಾರ್ಡಿಂಗಿನಲ್ಲಿ ಚೊಕ್ಕವಾಗಿದ್ದ ದನಿ ಕಾಲ್‌ನಲ್ಲಿ ಮತ್ತೆ ಹದಗೆಟ್ಟಿತು. ಈ ಸಲ ಮೈಕಿನ ತಪ್ಪಿಲ್ಲ. ಆ್ಯಪ್ ನಡುವೆ ಕೈ ಹಾಕುತ್ತದೆ. ನಾನು ಸುಮ್ಮನಿದ್ದಾಗ ತಾನೇ ಗೇನ್ ಏರಿಸಿ, ಮಾತು ಶುರು ಮಾಡಿದ ಕೂಡಲೇ ಮೊದಲ ಪದವನ್ನು ಸಿಡಿಸಿ, ಆಮೇಲೆ ಇಳಿಸುತ್ತಿತ್ತು. ಇದನ್ನು ಈಚೆ ಕೂತು ಕಂಡುಹಿಡಿಯಲು ಆಗುವುದಿಲ್ಲ. ಬೇರೆ ಕೋಣೆಯಲ್ಲಿ ಫೋನಿನಿಂದ ಅದೇ ಕಾಲ್ ಸೇರಿ, ಫೋನಿಗೆ ಹೆಡ್‌ಫೋನ್ ಹಾಕಿ, ಗೆಳೆಯನನ್ನು ಮೈಕಿನ ಮುಂದೆ ಕೂರಿಸಿ ಪುಟ್ಟನ ಶಂಖ ಊದಿಸಿದೆ. ಹತ್ತು ಸೆಕೆಂಡು ಮೌನ, ಆಮೇಲೆ ವಾಕ್ಯ. ಆಗ ಗೊತ್ತಾಯಿತು. ತಾನಾಗಿ ಗೇನ್ ಹೊಂದಿಸುವ ಆಯ್ಕೆಯನ್ನು ಆಫ್ ಮಾಡಿದೆ, ಸಿಡಿತ ನಿಂತಿತು.

ಸದ್ದು ತಗ್ಗಿಸುವ ಸೌಲಭ್ಯಕ್ಕೆ ಇನ್ನೊಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. "ಆ" ಅಂತ ಒಂದೇ ಶ್ರುತಿಯಲ್ಲಿ ಐದಾರು ಸೆಕೆಂಡು ಎಳೆಯಬೇಕು. ನನ್ನ ಆ್ಯಪಿನಲ್ಲಿ ಎರಡನೇ ಸೆಕೆಂಡಿಗೇ ದನಿ ಸೊರಗಿ ಕಾಣೆಯಾಯಿತು. ಬದಲಾಗದೆ ಇರುವ ಸದ್ದನ್ನು ಅದು ಫ್ಯಾನು ಅಂದುಕೊಳ್ಳುತ್ತದೆ. ಮಾತಿಗೆ ತೊಂದರೆಯಿಲ್ಲ ಅಂತ ಅದನ್ನು ಕಡಿಮೆ ಮಟ್ಟದಲ್ಲಿ ಇಟ್ಟಿದ್ದೇನೆ. ಹಾಡು ಕಲಿಸುವವರು ಪೂರ್ತಿ ಆಫ್ ಮಾಡಬೇಕು.

ಈಗ ನಡೆಯುವುದು ಹೀಗೆ. ಮೈಕು ಮೊದಲು, ಪ್ರೋಗ್ರಾಂ ಆಮೇಲೆ. ಉಗುರು. ಗೇಣು. ಹತ್ತು ಸೆಕೆಂಡು ಮೌನ, ಪುಟ್ಟ ಮೂರು ಸಲ. ನಿಲ್ಲಿಸಿ, ಮೈಕಿನ ಜಾಕಿನಿಂದ ಹೆಡ್‌ಫೋನ್ ಕಿತ್ತು ಲ್ಯಾಪ್‌ಟಾಪಿಗೆ ಹಾಕಿ, ರೆಕಾರ್ಡಾದ ಫೈಲನ್ನೇ ಕೇಳುವುದು. ಒಂದೂವರೆ ನಿಮಿಷ. ದೊಡ್ಡ ರೆಕಾರ್ಡಿಂಗ್ ಇದ್ದರೆ ಹಿಂದಿನ ದಿನ 15 ನಿಮಿಷ ಸುಮ್ನೆ ಓಡಲು ಬಿಡುತ್ತೇನೆ. ಕೇಬಲ್ ಸಡಿಲವಿದ್ದರೆ, ಹಬ್ ಕೈಕೊಟ್ಟರೆ ಬರುವ ಟಕ್ ಅನ್ನುವ ಸದ್ದು ಹತ್ತು ಸೆಕೆಂಡಿನ ಟೆಸ್ಟಿನಲ್ಲಿ ಸಿಗುವುದಿಲ್ಲ.

ಆ 40 ನಿಮಿಷವನ್ನು ಭಾನುವಾರ ಮತ್ತೆ ಓದಿದೆ. ಈ ಸಲ ತಡವರಿಸಿದ್ದು ಏಳು ಕಡೆ. ದನಿ ಮಾತ್ರ ಚೊಕ್ಕ. ಇನ್ನೂ ಒಂದು ಕೆಲಸ ಬಾಕಿ ಇದೆ: ಮೊಣಕೈ ಮೇಜಿಗೆ ತಾಗಿದಾಗ ಸ್ಟ್ಯಾಂಡಿನ ಮೂಲಕ ಧಡ್ ಅಂತ ಬರುತ್ತದೆ. ದಪ್ಪ ಸ್ಪಂಜಿನ ತುಂಡು ಕತ್ತರಿಸಿ ಇಟ್ಟಿದ್ದೇನೆ. ಅಂಟು ಒಣಗಬೇಕು.